ಶಿಶುಗಳ ಎಚ್‌ಐವಿ ಪರೀಕ್ಷೆ

ಎಚ್‌ಐವಿ ಸೋಂಕುಳ್ಳ ತಾಯಿಗೆ ಜನಿಸಿದ ಮಗುವಿಗೂ ಸೋಂಕು ತಗುಲಿದೆಯೇ ಎಂಬುದನ್ನು ತಿಳಿಯಲು ನಡೆಸುವ ರಕ್ತಪರೀಕ್ಷೆಯೇ ಶಿಶುಗಳ ಎಚ್‌ಐವಿ ಪರೀಕ್ಷೆ. ಗರ್ಭಾವಸ್ಥೆ, ಹೆರಿಗೆ ಹಾಗೂ ಸ್ತನ್ಯಪಾನದ ಅವಧಿಯಲ್ಲಿ ಸೋಂಕು ಮಗುವಿಗೆ ಹರಡಬಹುದು. ತಾಯಿಯ ಪ್ರತಿಕಾಯಗಳು ಮಗುವಿನ ರಕ್ತದಲ್ಲಿ 18 ತಿಂಗಳವರೆಗೂ ಉಳಿಯಬಹುದಾದ್ದರಿಂದ, ಸಾಮಾನ್ಯ ಪ್ರತಿಕಾಯ ಪರೀಕ್ಷೆಯಿಂದ ಅದಕ್ಕೂ ಮೊದಲು ಮಗುವಿನ ಸೋಂಕು ದೃಢಪಡುವುದಿಲ್ಲ. ಆದಕಾರಣ ಭಾರತದಲ್ಲಿ 6 ವಾರಗಳ ವಯಸ್ಸಿನಲ್ಲಿ ವೈರಾಣುವನ್ನೇ ಗುರುತಿಸುವ ಪಿಸಿಆರ್ ಪರೀಕ್ಷೆಯನ್ನು ನಡೆಸಲಾಗುತ್ತದೆ.

ತಮ್ಮ ಸೋಂಕು ಬಯಲಾದೀತೆಂಬ ಅಂಜಿಕೆಯಿಂದ ಕೆಲವು ತಾಯಂದಿರು ಪರೀಕ್ಷೆಗೆ ಹಿಂಜರಿಯುವುದುಂಟು. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯು ಪೋಷಕರ ಸಮ್ಮತಿಯನ್ನೂ ಫಲಿತಾಂಶದ ಗೋಪ್ಯತೆಯನ್ನೂ ಕಡ್ಡಾಯಗೊಳಿಸಿದೆ. ಚಿಕಿತ್ಸೆ ದೊರೆಯದ ಸೋಂಕಿತ ಶಿಶುಗಳಲ್ಲಿ ಸುಮಾರು ಅರ್ಧದಷ್ಟು 2 ವರ್ಷ ತುಂಬುವ ಮೊದಲೇ ಮರಣ ಹೊಂದುತ್ತವೆ; ಬೇಗನೆ ಪತ್ತೆಯಾದರೆ ಕೂಡಲೇ ಔಷಧ ಆರಂಭಿಸಬಹುದು. ಮೊದಲ ಪರೀಕ್ಷೆಯಲ್ಲಿ ಸೋಂಕು ಕಂಡುಬಾರದಿದ್ದರೂ 18ನೇ ತಿಂಗಳ ಅಂತಿಮ ಪರೀಕ್ಷೆ ಅವಶ್ಯಕ.