ಕಾರವಾರ – ಜೋಗ – ಸಿಗಂದೂರು – ಮರವಂತೆ: ಕಡಲು ಮತ್ತು ಮಲೆನಾಡಿನ ರಸ್ತೆ ಪ್ರವಾಸ

ಪೀಠಿಕೆ
ಅರಬ್ಬೀ ಸಮುದ್ರದ ತೀರ, ಪಶ್ಚಿಮ ಘಟ್ಟದ ಕಾಡು ಹಾಗೂ ಶರಾವತಿಯ ಹಿನ್ನೀರು, ಈ ಮೂರನ್ನೂ ಒಂದೇ ಪ್ರವಾಸದಲ್ಲಿ ಕಾಣಬಯಸುವವರಿಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಮಾರ್ಗ
1. ಕಾರವಾರ – ಹೊನ್ನಾವರ: ರಾಷ್ಟ್ರೀಯ ಹೆದ್ದಾರಿ 66 ಅಂಕೋಲಾ ಹಾಗೂ ಕುಮಟಾ ಮೂಲಕ ಸಾಗುತ್ತದೆ. ಗೋಕರ್ಣದ ಓಂ ಕಡಲತೀರ ಮತ್ತು ಮಿರ್ಜಾನ್ ಕೋಟೆ ಈ ಭಾಗದಲ್ಲಿವೆ. ಹೊನ್ನಾವರದಲ್ಲಿ ಶರಾವತಿಯು ಸಮುದ್ರವನ್ನು ಸೇರುತ್ತದೆ.
2. ಹೊನ್ನಾವರ – ಜೋಗ: ಗೇರುಸೊಪ್ಪೆಯ ನಂತರ ಘಟ್ಟದ ರಸ್ತೆಯು ಸಿಂಗಳೀಕಗಳ ನೆಲೆಯಾದ ದಟ್ಟ ಅರಣ್ಯದಲ್ಲಿ ಏರುತ್ತದೆ. ಜೋಗದಲ್ಲಿ ಶರಾವತಿಯು 253 ಮೀಟರ್ ಎತ್ತರದಿಂದ ರಾಜ, ರಾಣಿ, ರೋರರ್ ಮತ್ತು ರಾಕೆಟ್ ಎಂಬ ನಾಲ್ಕು ಧಾರೆಗಳಾಗಿ ಧುಮುಕುತ್ತದೆ.
3. ಸಾಗರ – ಸಿಗಂದೂರು: 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರಿನಿಂದ ಅನೇಕ ಗ್ರಾಮಗಳು ಮುಳುಗಡೆಯಾದವು. ತುಮರಿ ಭಾಗದ ಜನರು ಸಾಗರ ಪಟ್ಟಣ ತಲುಪಲು ದಶಕಗಳ ಕಾಲ ಲಾಂಚನ್ನೇ ಅವಲಂಬಿಸಿದ್ದರು. ರಾತ್ರಿ ವೇಳೆ ರೋಗಿಗಳನ್ನು ಸಾಗಿಸುವುದೂ ಕಷ್ಟಸಾಧ್ಯವಾಗಿತ್ತು. ಅಂಬಾರಗೋಡ್ಲು – ಕಳಸವಳ್ಳಿ ನಡುವಿನ ಸುಮಾರು 2.4 ಕಿ.ಮೀ. ಉದ್ದದ ಸೇತುವೆಯು ಜುಲೈ 2025ರಲ್ಲಿ ಉದ್ಘಾಟನೆಗೊಂಡಿದೆ.
4. ಸಿಗಂದೂರು – ಮರವಂತೆ: ನಾಗೋಡಿ ಘಟ್ಟವನ್ನು ಇಳಿದು, ಕೊಲ್ಲೂರು ಮೂಲಕ ಹೆಮ್ಮಾಡಿಯಲ್ಲಿ ಹೆದ್ದಾರಿಯನ್ನು ಸೇರಬಹುದು. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ ಇದೆ.

ಸೂಕ್ತ ಕಾಲ
ಜಲಪಾತ ವೀಕ್ಷಣೆಗೆ ಮಳೆಗಾಲ ಹಾಗೂ ಅದರ ನಂತರದ ತಿಂಗಳುಗಳು, ಕಡಲತೀರಕ್ಕೆ ನವೆಂಬರ್‌ನಿಂದ ಫೆಬ್ರವರಿವರೆಗಿನ ಅವಧಿ ಸೂಕ್ತ.

ಪ್ರವಾಸಿಗರ ಗಮನಕ್ಕೆ
• ದಿನಾಂಕ 16-07-2024ರಂದು ಅಂಕೋಲಾ ಸಮೀಪದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜೀವಹಾನಿ ಸಂಭವಿಸಿತು. ಆದ್ದರಿಂದ ಭಾರಿ ಮಳೆಯ ಮುನ್ಸೂಚನೆಯಿರುವಾಗ ಪ್ರಯಾಣವನ್ನು ಮುಂದೂಡುವುದು. ಕಡಿದ ಗುಡ್ಡಗಳ ಬುಡದಲ್ಲಿ ವಾಹನ ನಿಲ್ಲಿಸಬಾರದು.
• ಮಳೆಗಾಲದಲ್ಲಿ ಸಮುದ್ರಕ್ಕೆ ಇಳಿಯಬಾರದು. ಹಿನ್ನೀರಿನ ಆಳ ದಡದಿಂದ ತಿಳಿಯುವುದಿಲ್ಲವಾದ್ದರಿಂದ ಅಲ್ಲಿಯೂ ಈಜಬಾರದು. ಅಣೆಕಟ್ಟೆಯಿಂದ ನೀರು ಬಿಟ್ಟಾಗ ನದಿಯ ಮಟ್ಟ ಏರುವುದರಿಂದ, ಜಲಪಾತದ ಕೆಳಗಿನ ನದೀಪಾತ್ರಕ್ಕೆ ಇಳಿಯಬಾರದು.
• ಅಭಯಾರಣ್ಯ ಪ್ರದೇಶದಲ್ಲಿ ಚಾರಣ ಕೈಗೊಳ್ಳಲು ಅರಣ್ಯ ಇಲಾಖೆಯ ಪೂರ್ವಾನುಮತಿ ಪಡೆಯತಕ್ಕದ್ದು. ಕೋತಿಗಳಿಗೆ ಆಹಾರ ನೀಡಬಾರದು.
• ಚಾಲನಾ ಪರವಾನಗಿ, ನೋಂದಣಿ ಪತ್ರ, ವಿಮೆ ಮತ್ತು ವಾಯುಮಾಲಿನ್ಯ ತಪಾಸಣಾ ಪ್ರಮಾಣಪತ್ರಗಳನ್ನು ಹೊಂದಿರತಕ್ಕದ್ದು. ಡಿಜಿಲಾಕರ್‌ನಲ್ಲಿರುವ ದಾಖಲೆಗಳನ್ನೂ ತೋರಿಸಬಹುದು.

ತುರ್ತು ದೂರವಾಣಿ
ತುರ್ತು ಸಹಾಯ: 112, ಆಂಬುಲೆನ್ಸ್: 108, ಹೆದ್ದಾರಿ ಸಹಾಯವಾಣಿ: 1033. ಘಟ್ಟದಲ್ಲಿ ಹಲವೆಡೆ ಮೊಬೈಲ್ ಸಂಪರ್ಕ ದೊರೆಯದಿರುವ ಸಾಧ್ಯತೆಯಿರುವುದರಿಂದ, ಹೊರಡುವ ಮುನ್ನ ಪ್ರಯಾಣದ ಮಾರ್ಗವನ್ನು ಮನೆಯವರಿಗೆ ತಿಳಿಸಿರುವುದು ಒಳಿತು.

ತ್ಯಾಜ್ಯವನ್ನು ಎಲ್ಲೆಂದರಲ್ಲಿ ಎಸೆಯದೆ ಸಾರ್ವಜನಿಕರು ಸಹಕರಿಸಬೇಕೆಂದು ಕೋರಲಾಗಿದೆ.