ಗೆರೆಯೊಳಗಿದ್ದರೆ ಎಲ್ಲವೂ ಸರಿಯೇ? ಲ್ಯಾಬಿನ ಗುಣಮಟ್ಟ ನಕ್ಷೆ ಓದುವ ಬಗೆ

ರಕ್ತದ ಸಕ್ಕರೆ ಅಳೆಯುವ ಯಂತ್ರ ಸರಿಯಾಗಿದೆ ಎಂದು ಲ್ಯಾಬಿನವರಿಗೆ ಹೇಗೆ ಗೊತ್ತಾಗುತ್ತದೆ? ಮೌಲ್ಯ ಮೊದಲೇ ಗೊತ್ತಿರುವ ಕಂಟ್ರೋಲ್ ದ್ರವವನ್ನು ದಿನವೂ ಅದೇ ಯಂತ್ರದಲ್ಲಿ ಪರೀಕ್ಷಿಸಿ, ಬಂದ ಫಲಿತಾಂಶವನ್ನು ನಕ್ಷೆಯಲ್ಲಿ ಚುಕ್ಕಿಯಾಗಿ ಗುರುತಿಸುತ್ತಾರೆ. 1924ರಲ್ಲಿ ವಾಲ್ಟರ್ ಶೂಹಾರ್ಟ್ ಕಾರ್ಖಾನೆಗಾಗಿ ರೂಪಿಸಿದ ಈ ನಕ್ಷೆಯನ್ನು 1950ರಲ್ಲಿ ಲೀವಿ ಮತ್ತು ಜೆನ್ನಿಂಗ್ಸ್ ವೈದ್ಯಕೀಯ ಪ್ರಯೋಗಾಲಯಕ್ಕೆ ತಂದರು.

ಒಂದು ಉದಾಹರಣೆ ನೋಡೋಣ. ಕಂಟ್ರೋಲ್ ದ್ರವದ ಸರಾಸರಿ 100, ಮಾನಕ ವಿಚಲನೆ 2 ಎಂದುಕೊಳ್ಳೋಣ. ಆಗ ಎಚ್ಚರಿಕೆಯ ಗೆರೆಗಳು 96 ಮತ್ತು 104. ನಿಯಂತ್ರಣ ಗೆರೆಗಳು 94 ಮತ್ತು 106.

* ಒಮ್ಮೆ 105 ಬಂದರೆ: ಗಾಬರಿ ಬೇಡ. ಯಂತ್ರ ಸರಿಯಿದ್ದರೂ ಸುಮಾರು 20ರಲ್ಲಿ ಒಂದು ಚುಕ್ಕಿ ಎಚ್ಚರಿಕೆಯ ಗೆರೆ ದಾಟುತ್ತದೆ. ಉಳಿದ ಚುಕ್ಕಿಗಳನ್ನು ಗಮನಿಸಬೇಕು.
* 107 ಬಂದರೆ: ಆಕಸ್ಮಿಕವಾಗಿ ನಿಯಂತ್ರಣ ಗೆರೆ ದಾಟುವ ಸಾಧ್ಯತೆ 1000ಕ್ಕೆ ಸುಮಾರು 3 ಮಾತ್ರ. ವರದಿ ಕೊಡುವುದನ್ನು ನಿಲ್ಲಿಸಿ ಕಾರಣ ಹುಡುಕಬೇಕು.
* ಸತತ ಎರಡು ಚುಕ್ಕಿ 104ರ ಮೇಲಿದ್ದರೆ: ಯಂತ್ರ ಒಂದೇ ಕಡೆಗೆ ವಾಲುತ್ತಿದೆ.
* ಸತತ 10 ಚುಕ್ಕಿ ಸರಾಸರಿಯ ಒಂದೇ ಬದಿಗಿದ್ದರೆ: ಎಲ್ಲವೂ ಗೆರೆಯೊಳಗಿದ್ದರೂ ದೋಷವಿದೆ. ರಾಸಾಯನಿಕವನ್ನೂ ಕ್ಯಾಲಿಬ್ರೇಷನ್ನನ್ನೂ ಪರಿಶೀಲಿಸಬೇಕು.

ಕೊನೆಯದನ್ನೇ ಹೆಚ್ಚಿನವರು ಕಡೆಗಣಿಸುತ್ತಾರೆ. ಆದರೆ ಯಂತ್ರ ಬರೀ 2 ಹೆಚ್ಚು ತೋರಿಸಿದರೂ ಖಾಲಿ ಹೊಟ್ಟೆಯಲ್ಲಿ 125 ಇದ್ದವರ ವರದಿ 127 ಆಗಿ, ಮಧುಮೇಹದ 126ರ ಗಡಿ ದಾಟಿಬಿಡುತ್ತದೆ!

ಹಾಗೆಯೇ, ಚುಕ್ಕಿ ಗೆರೆಯೊಳಗೆ ಬರುವವರೆಗೂ ಕಂಟ್ರೋಲನ್ನು ಮತ್ತೆ ಮತ್ತೆ ಪರೀಕ್ಷಿಸುವುದು ಪರಿಹಾರವಲ್ಲ. ಅದರಿಂದ ನಕ್ಷೆ ಸರಿಯಾಗಿ ಕಾಣುತ್ತದೆ, ಯಂತ್ರ ಸರಿಯಾಗುವುದಿಲ್ಲ. ಆದ್ದರಿಂದ ನಾವು ನೋಡಬೇಕಾದದ್ದು ಒಂದು ಚುಕ್ಕಿಯನ್ನಲ್ಲ, ಚುಕ್ಕಿಗಳ ಸಾಲನ್ನು.