ಕೂಸು ಯಾರ ಕೈಗೆ?

ನೋಡಿ, ಹಾವೇರಿಗೆ ವರ್ಗವಾಗಿ ಬರುವ ಗಂಡ-ಹೆಂಡತಿ ಇಬ್ಬರೂ ನೌಕರಿಯವರಾದರೆ ಮೊದಲು ಹುಡುಕೋದು ಬಾಡಿಗೆ ಮನೆ. ಎರಡನೆಯದು, ಹಗಲೊತ್ತು ಕೂಸನ್ನ ನೋಡಿಕೊಳ್ಳೋ ಒಂದು ಜೀವ. ಮನೆ ಸಿಗುತ್ತೆ. ಎರಡನೆಯದಕ್ಕೆ ಪಕ್ಕದ ಮನೆ ಅಮ್ಮನನ್ನ ಕೇಳಬೇಕು, ಇಲ್ಲ ಊರಿಂದ ಅತ್ತೆಯನ್ನ ಕರೆಸಬೇಕು.

1997ರ ಆಗಸ್ಟ್ 24ರಂದು ಧಾರವಾಡದಿಂದ ಬೇರೆಯಾಗಿ ಹಾವೇರಿ ಜಿಲ್ಲೆ ಆಯ್ತು. ಜೆ.ಎಚ್. ಪಟೇಲರ ಸರ್ಕಾರ ಮಾಡಿದ ಏಳು ಹೊಸ ಜಿಲ್ಲೆಗಳಲ್ಲಿ ಇದೂ ಒಂದು. ಕಚೇರಿಗಳು ಬಂದವು, ದೇವಗಿರಿಯಲ್ಲಿ ಜಿಲ್ಲಾಡಳಿತ ಭವನ ಎದ್ದಿತು, ಹೊಸ ಬಡಾವಣೆಗಳಾದವು. ಕಚೇರಿ ಜೊತೆ ನೌಕರರು ಬಂದರು. ಅಜ್ಜಿ ಮಾತ್ರ ಹಳೇ ಊರಲ್ಲೇ ಉಳಿದಳು. ಹಳೇ ಓಣಿಯಲ್ಲಿ ಒಬ್ಬರ ಕೂಸು ನಾಲ್ಕು ಮನೆಯಲ್ಲಿ ಬೆಳೀತಿತ್ತು. ಹೊಸ ಬಡಾವಣೆಯಲ್ಲಿ ಪಕ್ಕದವರ ಹೆಸರು ಗೊತ್ತಾಗೋಕೆ ಆರು ತಿಂಗಳು ಬೇಕು.

ಹಾಗಂತ ಇದು ಸಂಬಳದವರ ಕಷ್ಟ ಮಾತ್ರ ಅಂದುಕೊಳ್ಳಬೇಡಿ. ಬ್ಯಾಡಗಿಗೆ ಹೋಗಿ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಆ ಕೆಂಪು ಮೆಣಸಿನಕಾಯಿಯ ತೊಟ್ಟು ಬಿಡಿಸೋರು ಹೆಣ್ಣುಮಕ್ಕಳು. ಹಂಗಾಮಿನಲ್ಲಿ ಸುತ್ತಲ ಹಳ್ಳಿಗಳಿಂದ ಬೆಳಗ್ಗೆ ಬಂದು ರಾಶಿ ಮುಂದೆ ಕೂತರೆ ಏಳೋದು ಸಂಜೆಗೆ. ಕೈ ಉರಿ, ಕಣ್ಣು ಉರಿ. ಆ ಘಾಟಿನಲ್ಲಿ ದೊಡ್ಡವರೇ ಸೀನುತ್ತಾರೆ, ಮಡಿಲಲ್ಲಿರೋ ಕೂಸಿನ ಗತಿ ಏನು ಸ್ವಾಮಿ? ಅತ್ತ ರಾಣೆಬೆನ್ನೂರಿನ ಬೀಜೋತ್ಪಾದನೆ ಹೊಲಗಳಲ್ಲಿ ‘ಕ್ರಾಸಿಂಗ್’ ಕೆಲಸ. ಸಂಜೆ ಮೊಗ್ಗು ಬಿಡಿಸಿ ಗಂಡು ಭಾಗ ತೆಗೆಯಬೇಕು, ಮರುದಿನ ಬೆಳಗ್ಗೆ ಪರಾಗ ಮುಟ್ಟಿಸಬೇಕು. ಹೂವು ಕಾಯೋದಿಲ್ಲ, ಕೂಸು ಕಾಯಬೇಕು.

ಕಾನೂನು ಇರಲಿಲ್ಲವೇ? ಇತ್ತು. 1948ರ ಕಾರ್ಖಾನೆ ಕಾಯ್ದೆಯ 48ನೇ ಕಲಮು, ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಶಿಶುಮಂದಿರ ಇರಬೇಕು ಅಂದಿತು. 1976ರಲ್ಲಿ ಐವತ್ತು ಮೂವತ್ತಾಯ್ತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ, ಐವತ್ತು ಜನ ನೌಕರರಿರುವ ಸಂಸ್ಥೆಯಲ್ಲಿ ಶಿಶುಮಂದಿರ ಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಕೂಸು ನೋಡಬಹುದು ಅಂತ ಹೇಳಿತು. ಒಳ್ಳೆಯ ಮಾತೇ. ಆದರೆ ಹಾಜರಿ ಪುಸ್ತಕದಲ್ಲಿ ಹೆಸರಿದ್ದವರಿಗೆ ಈ ಲೆಕ್ಕ. ದಿನಕ್ಕೊಂದು ಅಂಗಡಿಯಲ್ಲಿ ಕೂತು ತೊಟ್ಟು ಬಿಡಿಸುವವಳನ್ನ ಎಣಿಸೋರು ಯಾರು?

ಇನ್ನು ಅಂಗನವಾಡಿ. ಇದರ ಕಥೆ ನನಗೆ ಬಹಳ ಇಷ್ಟ. 1945ರಲ್ಲಿ ತಾರಾಬಾಯಿ ಮೋಡಕ್ ಮುಂಬೈ ಬಿಟ್ಟು ಕರಾವಳಿಯ ಬೋರ್ಡಿ ಅನ್ನೋ ಹಳ್ಳಿಗೆ ಹೋದರು. ಬಡವರ ಮಕ್ಕಳು ಬಾಲವಾಡಿಗೆ ಬರಲಿಲ್ಲ. ಬರದಿದ್ದರೆ ನಾವೇ ಹೋಗೋಣ ಅಂತ ಬಾಲವಾಡಿಯನ್ನೇ ಅವರ ಅಂಗಳಕ್ಕೆ ಒಯ್ದರು. ಆ ಅಂಗಳದಿಂದಲೇ ಅಂಗನವಾಡಿ. 1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರು ಮಾಡಿತು. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ತಿ. ನರಸೀಪುರಕ್ಕೆ. ಅದರ ಚಿಂತೆ ಅಪೌಷ್ಟಿಕತೆ, ಲಸಿಕೆ, ಶಾಲೆಗೆ ಮುಂಚಿನ ಪಾಠ. ತಾಯಿಯ ಕೆಲಸದ ಹೊತ್ತು ಆ ಲೆಕ್ಕದಲ್ಲಿ ಇರಲೇ ಇಲ್ಲ. ಮೂರು ವರ್ಷ ತುಂಬಿದ ಮಗು ಅಲ್ಲಿ ಕೂರುತ್ತೆ. ಎಂಟು ತಿಂಗಳ ಕೂಸಿಗೆ ಆಹಾರದ ಪೊಟ್ಟಣ ಮನೆಗೆ ಬರುತ್ತೆ, ಕೂಸನ್ನ ಎತ್ತಿಕೊಳ್ಳೋ ಕೈ ಬರೋದಿಲ್ಲ.

ಅಂಗನವಾಡಿ ಅಕ್ಕನನ್ನ ಬೈಯಬೇಡಿ, ದಯವಿಟ್ಟು. ಆಕೆಗೆ ಸಿಗೋದು ಗೌರವಧನ, ಸಂಬಳ ಅಲ್ಲ. ಆಕೆಗೂ ಗ್ರಾಚ್ಯುಟಿ ಹಕ್ಕಿದೆ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2022ರಲ್ಲಿ, ಯೋಜನೆ ಶುರುವಾಗಿ 47 ವರ್ಷಕ್ಕೆ!

ನರೇಗಾ ಕಾಯ್ದೆ ಮಾತ್ರ 2005ರಲ್ಲೇ ಬುದ್ಧಿವಂತಿಕೆ ತೋರಿತ್ತು: ಕೆಲಸದ ಜಾಗಕ್ಕೆ ಆರು ವರ್ಷದೊಳಗಿನ ಐದು ಮಕ್ಕಳು ಬಂದರೆ, ನೋಡಿಕೊಳ್ಳೋಕೆ ಕೂಲಿಯವರಲ್ಲೇ ಒಬ್ಬ ಹೆಂಗಸನ್ನ ನೇಮಿಸಬೇಕು. 2023ರಲ್ಲಿ ನಮ್ಮ ರಾಜ್ಯ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಅಂತ ಘೋಷಿಸಿತು. ಮೂರು ವರ್ಷದೊಳಗಿನವರನ್ನೂ ನೋಡಿಕೊಳ್ಳೋ ಜಾಗ. ಹೆಸರೇ ಎಷ್ಟು ಚೆಂದ.

ಆದರೆ ಅದು ಪಂಚಾಯಿತಿಯದು. ಬ್ಯಾಡಗಿ ಪುರಸಭೆ, ಹಾವೇರಿ, ರಾಣೆಬೆನ್ನೂರು ನಗರಸಭೆ. ತೊಟ್ಟು ಬಿಡಿಸೋ ರಾಶಿ ಇರೋದು, ನೌಕರರ ಬಡಾವಣೆ ಇರೋದು, ಎರಡೂ ಪೇಟೆಯೊಳಗೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಲಾರಿಗೆ ಜಾಗ ಇದೆ, ಚೀಲಕ್ಕೆ ಜಾಗ ಇದೆ, ಕಾಯಿ ಕೆಡದಂತೆ ಇಡೋಕೆ ಶೀತಲಗೃಹಗಳಿವೆ. ಒಂದು ತೊಟ್ಟಿಲು ಕಟ್ಟೋಕೆ ಎಷ್ಟು ಅಡಿ ಬೇಕು?